ತೋಪಿನಿಂದ ಮೋಟಾರಿನವರೆಗೆ: ಗುಜರಿ ಲೋಹದ ಚರಿತ್ರೆ

ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ಪೇಶ್ವೆಯರ ಕಾಲದಿಂದ ತಾಮ್ರದ ಕೆಲಸ ನಡೆದುಬಂದಿದೆ. ಹಳೆಯ ತಾಮ್ರವನ್ನು ಮರಳಿ ಪಾತ್ರೆಯಾಗಿಸುವುದು ಆ ಕುಶಲಿಗಳ ಪರಂಪರಾಗತ ವಿದ್ಯೆ. ಅಲ್ಲಿ ಲೋಹದ ಬೆಲೆಯನ್ನು ನಿರ್ಣಯಿಸುವವು ಎರಡೇ: ಕಣ್ಣು ಮತ್ತು ತಕ್ಕಡಿ.

ಕನ್ನಡಿಗರಿಗೆ ಆತ್ಮೀಯವಾದ ಇನ್ನೊಂದು ನಿದರ್ಶನವುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದಲ್ಲಿ ನೆಲೆಯೂರಿ ಕಬ್ಬಿಣದ ನೇಗಿಲುಗಳನ್ನು ತಯಾರಿಸತೊಡಗಿದರು. ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣ ದುರ್ಲಭವಾದಾಗ ಕೊಲ್ಲಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಒದಗಿಸಿದರು; ಅವು ಕರಗಿ ನೇಗಿಲುಗಳಾದವು. ಈ ಮನೆತನದ ಉದ್ಯಮವು 1941ರಲ್ಲಿ ಹರಿಹರಕ್ಕೂ 1946ರಲ್ಲಿ ಪುಣೆಗೂ ಹಬ್ಬಿತು.

1966ರಲ್ಲಿ ಟೆಲ್ಕೋ ಇಲ್ಲಿ ಕಾರ್ಖಾನೆಯನ್ನು ತೆರೆಯಿತು. ಪುಣೆಯು ಮೋಟಾರಿನ ಊರಾಯಿತು. ಆಯುಷ್ಯ ತೀರಿದ ವಾಹನದ ಉಕ್ಕು, ಅಲ್ಯೂಮಿನಿಯಂ, ತಾಮ್ರದ ತಂತಿ, ಬ್ಯಾಟರಿಯ ಸೀಸ ಇವೆಲ್ಲ ಹಳೆಯ ತಕ್ಕಡಿಗೇ ದಕ್ಕುವಂಥವು. ಆದರೆ 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲಕತ್ತ, ಮದ್ರಾಸು ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಮುಂದೆ ಅದು ದೇಶದ ಉಳಿದೆಡೆಗೂ ಬಂದಿತು. ಜೇನುಹುಟ್ಟಿನಂಥ ಪಿಂಗಾಣಿ ದಿಮ್ಮಿಯ ರಂಧ್ರಗಳಲ್ಲಿ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂಗಳ ಲೇಪ. ಒಂದು ಕಾರಿನಲ್ಲಿ ಎಲ್ಲ ಕೂಡಿ ಕೆಲವೇ ಗ್ರಾಂ. ಅದು ಕಣ್ಣಿಗೆ ಕಾಣದು, ತಕ್ಕಡಿಗೆ ಸಿಲುಕದು.

ಇದನ್ನು ಪಡೆಯುವ ಕ್ರಮವೂ ಬೇರೆ. ದಿಮ್ಮಿಯನ್ನು ಪುಡಿಮಾಡಿ, ಮಾದರಿಯನ್ನು ಪರೀಕ್ಷಿಸಿ, ತಾಮ್ರ ಅಥವಾ ಕಬ್ಬಿಣದೊಡನೆ ಕುಲುಮೆಯಲ್ಲಿ ಕರಗಿಸುತ್ತಾರೆ. ಪಿಂಗಾಣಿಯು ಕಿಟ್ಟವಾಗಿ ತೇಲುತ್ತದೆ. ಅಮೂಲ್ಯ ಲೋಹಗಳು ಕೆಳಗಿನ ಲೋಹದ್ರವದಲ್ಲಿ ಸೇರುತ್ತವೆ. ಬಳಿಕ ಆಮ್ಲಗಳಿಂದ ಒಂದೊಂದನ್ನೂ ಬೇರ್ಪಡಿಸುತ್ತಾರೆ. ಬೆಲೆಯ ನಿರ್ಣಯ ಹೀಗೆ ತಕ್ಕಡಿಯಿಂದ ಪ್ರಯೋಗಶಾಲೆಗೆ ಸರಿಯಿತು. ತೂಕದ ದರವನ್ನಷ್ಟೇ ಬಲ್ಲ ಮಾಲೀಕನೂ ವಾಹನವನ್ನು ಕಳಚುವ ಕೂಲಿಕಾರನೂ ತಾವು ಏನನ್ನು ಮಾರಿದೆವೆಂಬುದನ್ನೇ ಅರಿಯದೆ ಹೋಗಬಹುದು. ಗಲ್ಲಿಯಲ್ಲಿ ಆಮ್ಲವನ್ನು ಬಳಸಹೊರಟರಂತೂ ಲೋಹವೂ ನಷ್ಟ, ಆರೋಗ್ಯವೂ ನಷ್ಟ.

ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ವರ್ಗದ ಅದಿರಿನ ಕುರುಹುಗಳು ದೊರೆತಿವೆ; ಆದರೂ ಭಾರತವು ಈ ಲೋಹಗಳಿಗೆ ಬಹುಮಟ್ಟಿಗೆ ಆಮದನ್ನೇ ಅವಲಂಬಿಸಿದೆ. ಆದುದರಿಂದ ಹಳೆಯ ಕಾರೂ ನಮಗೊಂದು ಗಣಿಯೇ ಸರಿ. 2021ರ ಕೇಂದ್ರ ನಿಯಮಗಳು ವಾಹನ ಕಳಚುವ ಕೇಂದ್ರಗಳಿಗೆ ನೋಂದಣಿಯನ್ನು ವಿಧಿಸಿವೆ. ನೋಂದಣಿಯೊಡನೆ ಪರೀಕ್ಷೆಯ ಫಲವೂ ಮಾರುವವನ ಕೈಗೆ ಬರಬೇಕು. ತೋಪನ್ನು ಕೊಟ್ಟ ಅರಸನಿಗೆ ತಾನು ಕೊಟ್ಟುದೇನೆಂಬುದು ತಿಳಿದಿತ್ತು. ಕಾರನ್ನು ಕೊಡುವ ಪ್ರಜೆಗೂ ಅಷ್ಟು ತಿಳಿವು ಸಲ್ಲಬೇಕು.