ಕುದುರೆ ಕೆಮ್ಮಿದಾಗ ನಿಂತುಹೋದ ನಗರಗಳು

ಕಾಲುಬಾಯಿ ಜ್ವರ ಬಂದ ಎತ್ತು ಸಾಮಾನ್ಯವಾಗಿ ಸಾಯುವುದಿಲ್ಲ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿನಲ್ಲಿ ಹುಣ್ಣು; ಮೇವು ಮುಟ್ಟದೆ, ಜೊಲ್ಲು ಸುರಿಸುತ್ತ ಕೆಲವು ದಿನ ಕೊಟ್ಟಿಗೆಯಲ್ಲಿ ನಿಂತು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಆ ದಿನಗಳು ಮುಂಗಾರು ಬಿದ್ದು ನೆಲ ಹದಕ್ಕೆ ಬಂದ ದಿನಗಳಾಗಿದ್ದರೆ ರೈತನ ಒಂದು ವರ್ಷದ ಬೆಳೆಗೇ ಸಂಚಕಾರ. ಜಾನುವಾರು ರೋಗವನ್ನು ಸತ್ತ ತಲೆಗಳ ಲೆಕ್ಕದಿಂದಷ್ಟೇ ಅಳೆಯಲಾಗದೆಂಬುದನ್ನು ಹಳ್ಳಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉತ್ತರ ಅಮೆರಿಕದ ದೊಡ್ಡ ದೊಡ್ಡ ನಗರಗಳಿಗೆ ಮಾತ್ರ ಅದು ತಿಳಿದದ್ದು 1872ರ ಚಳಿಗಾಲದ ಹೊಸ್ತಿಲಲ್ಲಿ. ಅಲ್ಲಿ ಕೊಟ್ಟಿಗೆ ಹಿಡಿದದ್ದು ಎತ್ತಲ್ಲ, ಕುದುರೆ.

ಹತ್ತೊಂಬತ್ತನೆಯ ಶತಮಾನ ಎಂದೊಡನೆ ಉಗಿಯಂತ್ರದ ಯುಗವೆಂದು ಶಾಲಾ ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ರೈಲು ಬಂದ ಮೇಲೆ ಕುದುರೆಗೆ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನೂರಾರು ಮೈಲಿ ದೂರದಿಂದ ರೈಲು ತಂದು ಸುರಿದ ಕಲ್ಲಿದ್ದಲು, ಹಿಟ್ಟು, ಬಟ್ಟೆಗಳನ್ನು ನಿಲ್ದಾಣದಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಮುಟ್ಟಿಸಲು ಕುದುರೆಗಾಡಿಯೇ ಬೇಕಿತ್ತು. ನಗರದ ಬೀದಿಗಳಲ್ಲಿ ಹಳಿಯ ಮೇಲೆ ಓಡುತ್ತಿದ್ದ ಟ್ರಾಮುಗಳನ್ನು ಎಳೆಯುತ್ತಿದ್ದುದು ಕುದುರೆ. ಕಾಲುವೆಗಳ ದಂಡೆಯ ಮೇಲೆ ನಡೆಯುತ್ತ ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದುದು ಕುದುರೆ ಮತ್ತು ಹೇಸರಗತ್ತೆ. ಬೆಂಕಿ ಆರಿಸುವ ಪಂಪು ಉಗಿಯಿಂದ ನೀರು ಚಿಮ್ಮಿಸುತ್ತಿತ್ತು, ನಿಜ. ಆದರೆ ಆ ಭಾರದ ಯಂತ್ರವನ್ನು ಬೆಂಕಿ ಬಿದ್ದ ಜಾಗಕ್ಕೆ ಕೊಂಡೊಯ್ಯಬೇಕಾದದ್ದು ಮತ್ತೆ ಕುದುರೆಯೇ. ಟ್ರಾಮಿಗೆ ಕಟ್ಟಿದ ಕುದುರೆ ದಿನಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ದುಡಿಯಲಾರದ ಕಾರಣ ಒಂದೊಂದು ಗಾಡಿಗೂ ಸರದಿಯ ಮೇಲೆ ಹಲವು ಕುದುರೆಗಳನ್ನು ಸಾಕಬೇಕಿತ್ತು. ಮೈಸೂರಿನ ಟಾಂಗಾ ಸ್ಟ್ಯಾಂಡಿನಲ್ಲಿ ಹತ್ತಾರು ಕುದುರೆಗಳನ್ನಷ್ಟೇ ಕಂಡವರು ನ್ಯೂಯಾರ್ಕಿನ ಟ್ರಾಮ್ ಕಂಪನಿಗಳ ಲಾಯಗಳನ್ನು ಊಹಿಸುವುದು ಕಷ್ಟ. ಮಹಡಿಯ ಮೇಲೆ ಮಹಡಿ. ಒಂದೊಂದರಲ್ಲೂ ನೂರಾರು ಕುದುರೆಗಳು ಮೈಗೆ ಮೈ ತಾಗುವಂತೆ ನಿಂತಿರುತ್ತಿದ್ದವು. ಉಸಿರಿನಿಂದ ಹರಡುವ ರೋಗವೊಂದಕ್ಕೆ ಇದಕ್ಕಿಂತ ಅನುಕೂಲವಾದ ಜಾಗ ಮತ್ತೊಂದಿರಲಿಲ್ಲ.

1872ರ ಸೆಪ್ಟೆಂಬರ್ ಕೊನೆಯಲ್ಲಿ ಕೆನಡಾದ ಟೊರಾಂಟೋ ನಗರದ ಆಸುಪಾಸಿನ ಹಳ್ಳಿಗಳಲ್ಲಿ ಕೆಲವು ಕುದುರೆಗಳು ಕೆಮ್ಮತೊಡಗಿದವು. ಅಕ್ಟೋಬರ್ ಆರಂಭದಲ್ಲಿ ರೋಗ ನಗರದೊಳಗೆ ಕಾಲಿಟ್ಟಿತು. ಅಲ್ಲಿನ ಪಶುವೈದ್ಯ ಕಾಲೇಜಿನ ಸ್ಥಾಪಕ ಆಂಡ್ರ್ಯೂ ಸ್ಮಿತ್ ಮೊದಲ ರೋಗಿಗಳನ್ನು ಪರೀಕ್ಷಿಸಿದವರಲ್ಲಿ ಒಬ್ಬರು. ಒಣ ಕೆಮ್ಮು, ಜ್ವರ, ಮೂಗಿನಿಂದ ಸುರಿಯುವ ಹಳದಿ ಹಸಿರು ಲೋಳೆ, ಮೇವಿನ ಮೇಲೆ ಜಿಗುಪ್ಸೆ, ನಿಲ್ಲಲೂ ಆಗದಷ್ಟು ಆಯಾಸ: ಇವು ರೋಗದ ಲಕ್ಷಣಗಳು. ಒಂದು ಲಾಯಕ್ಕೆ ಹೊಕ್ಕಿತೆಂದರೆ ಅಲ್ಲಿನ ಹೆಚ್ಚುಕಡಿಮೆ ಎಲ್ಲ ಕುದುರೆಗಳೂ ಮಲಗುತ್ತಿದ್ದವು. ಸಾಯುತ್ತಿದ್ದುದು ಮಾತ್ರ ಕಡಿಮೆ. ಬಹುತೇಕ ಕಡೆ ನೂರಕ್ಕೆ ಒಂದೆರಡು, ತೀರ ಕೆಟ್ಟ ಸ್ಥಿತಿಯಿದ್ದ ಕೆಲವು ಊರುಗಳಲ್ಲಿ ಹತ್ತರವರೆಗೆ. ಎರಡು ವಾರ ವಿಶ್ರಾಂತಿ ಸಿಕ್ಕರೆ ಕುದುರೆ ಮತ್ತೆ ಎದ್ದು ನಿಲ್ಲುತ್ತಿತ್ತು. ಆ ಎರಡು ವಾರವನ್ನು ಕೊಡುವುದು ಹೇಗೆಂಬುದೇ ಸಮಸ್ಯೆ.

ತಂತಿ ಸಮಾಚಾರದ ಕಾಲ ಅದು. ಟೊರಾಂಟೋದ ಸುದ್ದಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ರೋಗಕ್ಕಿಂತ ಮುಂಚೆಯೇ ಮುಟ್ಟಿತ್ತು. ಓದಿದವರು ಅದಕ್ಕೆ ಕೆನಡಾ ಕುದುರೆ ರೋಗ ಎಂದು ಹೆಸರಿಟ್ಟರು. ರೋಗಕ್ಕೆ ನೆರೆಯವರ ಹೆಸರಿಡುವ ಚಟ ಎಲ್ಲ ದೇಶಗಳಲ್ಲೂ ಇದೆ. ಹೆಸರಿಟ್ಟರೇ ಹೊರತು ಕುದುರೆಗಳ ಸಾಗಾಟವನ್ನು ತಡೆಯುವ ಕ್ರಮ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಸುದ್ದಿ ತಂತಿಯ ಮೇಲೆ ಬಂದರೆ ರೋಗ ಅದರ ಹಿಂದೆಯೇ ರೈಲು ಹತ್ತಿ ಬಂತು. ಮೂರು ವಾರ ಕಳೆಯುವಷ್ಟರಲ್ಲಿ ಮಾಂಟ್ರಿಯಲ್, ಬಫಲೋ, ನ್ಯೂಯಾರ್ಕ್, ಬಾಸ್ಟನ್ ನಗರಗಳ ಲಾಯಗಳಲ್ಲಿ ಕೆಮ್ಮು ಕೇಳಿಸುತ್ತಿತ್ತು.

ಅಕ್ಟೋಬರ್ ಕೊನೆಯ ಹೊತ್ತಿಗೆ ನ್ಯೂಯಾರ್ಕಿನ ಬೀದಿಗಳು ಬಿಕೋ ಎನ್ನತೊಡಗಿದವು. ಟ್ರಾಮುಗಳು ಒಂದೊಂದಾಗಿ ನಿಂತವು. ಬಂದರಿನಲ್ಲಿ ಹಡಗುಗಳಿಂದ ಇಳಿಸಿದ ಸರಕು ಅಲ್ಲೇ ರಾಶಿ ಬಿತ್ತು. ಈರೀ ಕಾಲುವೆಯಲ್ಲಿ ದೋಣಿಗಳು ಇದ್ದಲ್ಲೇ ನಿಂತವು. ಚಳಿ ಶುರುವಾಗುವ ಹೊತ್ತಿನಲ್ಲಿ ಮನೆಗಳಿಗೆ ಕಲ್ಲಿದ್ದಲು ತಲುಪಿಸುವವರಿರಲಿಲ್ಲ. ಕೂಲಿಗಾಗಿ ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಸಾಮಾನಿನ ಗಾಡಿಗಳನ್ನು ಎಳೆದರು. ಹಳ್ಳಿಗಳಿಂದ ಎತ್ತುಗಳನ್ನು ತರಿಸಿ ಗಾಡಿಗೆ ಕಟ್ಟಲಾಯಿತು. ಕುದುರೆ, ಕತ್ತೆ, ಹೇಸರಗತ್ತೆಗಳನ್ನು ಕಾಡಿದ ಈ ರೋಗ ಎತ್ತಿನ ತಂಟೆಗೆ ಹೋಗುತ್ತಿರಲಿಲ್ಲ. ಹಳ್ಳಿಯ ಹೊಲಗಳಿಗೆ ಸರಿದಿದ್ದ ಎತ್ತಿನ ಬಂಡಿ, ಅಮೆರಿಕದ ಅತಿ ದೊಡ್ಡ ವಾಣಿಜ್ಯ ನಗರದ ಬೀದಿಯಲ್ಲಿ ಹೀಗೆ ಕೆಲವು ದಿನ ಮೆರೆಯಿತು.

ಈ ರೋಗದ ಕಥೆಯಲ್ಲಿ ಬಾಸ್ಟನ್ನಿನ ಬೆಂಕಿಯ ಪ್ರಸ್ತಾಪ ತಪ್ಪದೆ ಬರುತ್ತದೆ. 1872ರ ನವೆಂಬರ್ 9ರ ಶನಿವಾರ ಸಂಜೆ ನಗರದ ವ್ಯಾಪಾರ ಕೇಂದ್ರದಲ್ಲಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿ ಮರುದಿನ ಹತೋಟಿಗೆ ಬರುವ ವೇಳೆಗೆ ಸುಮಾರು 65 ಎಕರೆ ಪ್ರದೇಶದಲ್ಲಿ 776 ಕಟ್ಟಡಗಳು ಬೂದಿಯಾಗಿದ್ದವು. ಕುದುರೆಗಳಿಗೆ ಕಾಯಿಲೆಯಾಗಿ ಬೆಂಕಿಯಂತ್ರಗಳು ತಡವಾಗಿ ಬಂದದ್ದೇ ಈ ಅನಾಹುತಕ್ಕೆ ಕಾರಣವೆಂದು ಇಂದಿಗೂ ಹಲವು ಪುಸ್ತಕಗಳು ಹೇಳುತ್ತವೆ. ಕಥೆ ರೋಚಕವಾಗಿದೆ, ಆದರೆ ಅಷ್ಟು ನಿಜವಲ್ಲ. ಅಗ್ನಿಶಾಮಕ ದಳದ ಮುಖ್ಯಸ್ಥ ಜಾನ್ ಡ್ಯಾಮ್ರೆಲ್ ಅಪಾಯವನ್ನು ಮೊದಲೇ ಅರಿತು ಯಂತ್ರಗಳನ್ನು ಕೈಯಿಂದ ಎಳೆಯಲು ನೂರಾರು ಜನರನ್ನು ಹೆಚ್ಚಾಗಿ ನೇಮಿಸಿಕೊಂಡಿದ್ದರು. ಹೀಗಾಗಿ ಆದ ತಡ ಕೆಲವೇ ನಿಮಿಷಗಳದ್ದೆಂದು ಅನಂತರ ನಡೆದ ವಿಚಾರಣೆ ಕಂಡುಕೊಂಡಿತು. ಇಕ್ಕಟ್ಟಾದ ಬೀದಿಗಳು, ಮರದ ಚಾವಣಿಗಳು, ನೀರಿನ ಸಣ್ಣ ಕೊಳವೆಗಳು ಇವೇ ದೊಡ್ಡ ಕಾರಣಗಳು. ಈ ಕೊಳವೆಗಳ ಬಗ್ಗೆ ಡ್ಯಾಮ್ರೆಲ್ ಮೊದಲೇ ಎಚ್ಚರಿಸಿದ್ದರು. ನಗರಾಡಳಿತದ ಉಪೇಕ್ಷೆಯನ್ನು ಮೂಕ ಪ್ರಾಣಿಯ ತಲೆಗೆ ಕಟ್ಟುವುದು ಸುಲಭ. ಅದು ಸಾಕ್ಷಿ ನುಡಿಯಲು ಬರುವುದಿಲ್ಲವಲ್ಲ.

ಹಾಗೆಂದು ಕುದುರೆಗಳಿಗೆ ಅನ್ಯಾಯವೇ ಆಗಲಿಲ್ಲವೆಂದಲ್ಲ. ಬೆಚ್ಚನೆಯ ಲಾಯ, ಮೈಮೇಲೊಂದು ಕಂಬಳಿ, ತೌಡಿನ ಗಂಜಿ ಮತ್ತು ಪೂರ್ಣ ವಿಶ್ರಾಂತಿ, ಇದು ಬಲ್ಲ ಪಶುವೈದ್ಯರ ಸಲಹೆ. ಇದಕ್ಕಿಂತ ಉತ್ತಮವಾದ ಮದ್ದು ಆಗ ಇರಲಿಲ್ಲ. ಡಾಂಬರು ಸುಟ್ಟು ಹೊಗೆ ಹಾಕುವವರೂ ಇದ್ದರು. ಆದರೆ ಕುದುರೆ ನಿಂತರೆ ದಿನದ ಗಳಿಕೆ ನಿಂತಂತೆ. ಜ್ವರ ಇಳಿಯುವ ಮೊದಲೇ ಅವನ್ನು ಗಾಡಿಗೆ ಹೂಡಿದರು. ಸತ್ತವುಗಳಲ್ಲಿ ಬಹಳಷ್ಟು ಹೀಗೆ ಅವಸರದಲ್ಲಿ ದುಡಿಮೆಗೆ ಇಳಿಸಿದವು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1866ರಲ್ಲಿ ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಸ್ವತಃ ಬೀದಿಗಿಳಿದು, ಕೆಮ್ಮುವ ಕುದುರೆ ಕಟ್ಟಿದ ಟ್ರಾಮುಗಳನ್ನು ನಿಲ್ಲಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಪ್ರಯಾಣಿಕರು ಅವರನ್ನು ಹೊಗಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ರೋಗಕ್ಕೆ ಕಾರಣವೇನು? ಪ್ಯಾಸ್ಚರ್ ಸೂಕ್ಷ್ಮಜೀವಿಗಳ ಬಗ್ಗೆ ಮಾತಾಡುತ್ತಿದ್ದರೂ ನೆರಡಿ ರೋಗದ ಸೂಕ್ಷ್ಮಾಣುವಿನ ಬಗ್ಗೆ ಕಾಕ್‌ ಅವರ ಪ್ರಬಂಧ ಪ್ರಕಟವಾಗಲು ಇನ್ನೂ ನಾಲ್ಕು ವರ್ಷವಿತ್ತು. ಗಾಳಿ ಕೆಟ್ಟಿದೆ, ಹವೆಯಲ್ಲಿ ಓಜೋನ್ ಏರುಪೇರಾಗಿದೆ, ವಾತಾವರಣದ ವಿದ್ಯುತ್ತಿನ ದೋಷ ಎಂದು ಓದಿದವರೇ ವಾದಿಸುತ್ತಿದ್ದರು. ಒಂದೇ ಸಲಕ್ಕೆ ಸಾವಿರಾರು ಪ್ರಾಣಿಗಳು ಮಲಗುವುದನ್ನು ಕಂಡವರಿಗೆ ಗಾಳಿಯ ಮೇಲೆ ಅನುಮಾನ ಬಂದದ್ದು ಸಹಜ. ಕಾರ್ನೆಲ್ ವಿಶ್ವವಿದ್ಯಾನಿಲಯದ ಪಶುವೈದ್ಯ ಪ್ರಾಧ್ಯಾಪಕ ಜೇಮ್ಸ್ ಲಾ ಅಂಥವರು ಇದು ಅಂಟುರೋಗವೆಂದು ಹೇಳಿದರೂ ಅದನ್ನು ತೋರಿಸಿಕೊಡಬೇಕಿತ್ತು.

ಆ ಕೆಲಸವನ್ನು ಮಾಡಿದವರು ಅಡೊನಿರಾಮ್ ಜಡ್ಸನ್ ಎಂಬ ನ್ಯೂಯಾರ್ಕಿನ ವೈದ್ಯ. ಅವರು ಕುದುರೆ ವೈದ್ಯರಲ್ಲ, ಮನುಷ್ಯರಿಗೆ ಮದ್ದು ಕೊಡುವವರು. ನಗರದ ಆರೋಗ್ಯ ಮಂಡಳಿಗಾಗಿ ಕೆಲಸ ಮಾಡುತ್ತಿದ್ದವರು. ಜಡ್ಸನ್ ಬಳಿ ಸೂಕ್ಷ್ಮದರ್ಶಕದ ಪುರಾವೆ ಇರಲಿಲ್ಲ. ಅವರ ಬಳಿ ಇದ್ದುದು ಪತ್ರಗಳು, ಪತ್ರಿಕೆಗಳ ತುಣುಕುಗಳು ಮತ್ತೊಂದು ನಕ್ಷೆ. ಯಾವ ಊರಿನಲ್ಲಿ ಯಾವ ದಿನ ಮೊದಲ ಕುದುರೆ ಕೆಮ್ಮಿತೆಂದು ಅವರು ದೇಶದುದ್ದಕ್ಕೂ ವಿಚಾರಿಸಿ ದಿನಾಂಕಗಳನ್ನು ಗುರುತು ಹಾಕುತ್ತ ಹೋದರು. ಗಾಳಿಯಿಂದ ಬಂದ ರೋಗವಾಗಿದ್ದರೆ ಅದು ಚಾಪೆ ಹಾಸಿದಂತೆ ಎಲ್ಲ ಕಡೆ ಒಟ್ಟಿಗೆ ಹಬ್ಬಬೇಕಿತ್ತು. ನಕ್ಷೆ ಬೇರೆಯದನ್ನೇ ಹೇಳಿತು. ರೈಲು ಹಾದಿಯ ಮೇಲಿನ ಪಟ್ಟಣಗಳಿಗೆ ರೋಗ ಮೊದಲು ಮುಟ್ಟಿತ್ತು. ಹಾದಿಯಿಂದ ದೂರ ಉಳಿದ ಊರುಗಳಿಗೆ, ಅವು ಹತ್ತಿರದಲ್ಲೇ ಇದ್ದರೂ, ಅನಂತರ. ಟೊರಾಂಟೋದಿಂದ ನ್ಯೂಯಾರ್ಕಿಗೆ ಮೂರು ವಾರದಲ್ಲಿ ಬಂದದ್ದು ಪೆಸಿಫಿಕ್ ಸಾಗರದ ತೀರ ಸೇರುವಾಗ 1873ರ ವಸಂತ ಬಂದಿತ್ತು. ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ನೀಡಿದ್ದು ದ್ವೀಪಗಳು. ಹಡಗಿನಲ್ಲಿ ಕುದುರೆಗಳ ಸಂಪರ್ಕವಿದ್ದ ಕ್ಯೂಬಾಕ್ಕೆ ರೋಗ ದಾಟಿತು. ಪ್ರಿನ್ಸ್ ಎಡ್ವರ್ಡ್ ದ್ವೀಪ, ವ್ಯಾಂಕೂವರ್ ದ್ವೀಪಗಳು ಪಾರಾದವು. ಅಲ್ಲಿನವರು ಉಸಿರಾಡಿದ ಗಾಳಿಯೂ ಅದೇ ಗಾಳಿ. ರೋಗ ಕುದುರೆಯಿಂದ ಕುದುರೆಗೆ, ಮನುಷ್ಯ ಹಾಕಿದ ದಾರಿಯಲ್ಲೇ ಹೋಗಿದೆ ಎಂದು ಜಡ್ಸನ್ 1873ರಲ್ಲಿ ವರದಿ ಬರೆದರು. ರೋಗಾಣುವನ್ನು ಕಾಣದೆಯೇ ರೋಗದ ನಡೆಯನ್ನು ಹಿಡಿದ ಈ ಕೆಲಸ, ಲಂಡನ್ನಿನಲ್ಲಿ ಕಾಲರಾದ ಜಾಡು ಹಿಡಿದ ಜಾನ್ ಸ್ನೋ ಅವರ ಕೆಲಸದ ಪಕ್ಕದಲ್ಲಿ ಇಡಬೇಕಾದದ್ದು. ಸ್ನೋಗೆ ಸಿಕ್ಕ ಖ್ಯಾತಿ ಮಾತ್ರ ಜಡ್ಸನ್‌ಗೆ ಸಿಗಲಿಲ್ಲ.

ಕುದುರೆಗಳು ಎದ್ದವು, ಟ್ರಾಮುಗಳು ಮತ್ತೆ ಓಡಿದವು. ನಗರವೊಂದು ಪ್ರಾಣಿಯೊಂದರ ಶ್ವಾಸಕೋಶವನ್ನು ಇಷ್ಟು ನೆಚ್ಚಿಕೊಳ್ಳಬಹುದೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಕೆಲಕಾಲ ನಡೆಯಿತು. 1873ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಯಲ್ಲಿ ಕೇಬಲ್ ಎಳೆಯುವ ಟ್ರಾಮು ಓಡಿತು. ವಿದ್ಯುತ್ ಟ್ರಾಮು ನಂಬಿಕೆಗೆ ಅರ್ಹವಾಗಲು 1888 ಬರಬೇಕಾಯಿತು. ಇವೆಲ್ಲಕ್ಕೂ, 1873ರ ಆರ್ಥಿಕ ಕುಸಿತಕ್ಕೂ ಕುದುರೆ ಜ್ವರವೇ ಕಾರಣವೆಂದು ಹೇಳುವವರಿದ್ದಾರೆ. ರೈಲ್ವೆ ಷೇರುಗಳ ಮೇಲಿನ ಸಾಹುಕಾರರ ದುರಾಸೆಯನ್ನು ಇಲ್ಲೂ ಕುದುರೆಯ ಹೆಗಲಿಗೆ ಏರಿಸಲಾಗಿದೆ.

1872ರ ರೋಗಾಣುವಿನ ಮಾದರಿ ಎಲ್ಲಿಯೂ ಉಳಿದಿಲ್ಲ. ಆದರೂ ಲಕ್ಷಣಗಳಿಂದ, ಹರಡಿದ ವೇಗದಿಂದ ಅದು ಇನ್‌ಫ್ಲುಯೆಂಜಾ, ಅಂದರೆ ಮನುಷ್ಯರನ್ನು ಕಾಡುವ ಫ್ಲೂ ಜ್ವರದ ದಾಯಾದಿ ಎಂಬುದರಲ್ಲಿ ವಿಜ್ಞಾನಿಗಳಿಗೆ ಹೆಚ್ಚು ಅನುಮಾನವಿಲ್ಲ. ಅದೇ ದಿನಗಳಲ್ಲಿ ಕೋಳಿಗಳೂ ಕಾಡುಹಕ್ಕಿಗಳೂ ಕಾಯಿಲೆ ಬಿದ್ದು ಸತ್ತ ವರದಿಗಳು ಹಳೆಯ ಪತ್ರಿಕೆಗಳಲ್ಲಿದ್ದುದನ್ನು 2010ರಲ್ಲಿ ಅಮೆರಿಕದ ಸಂಶೋಧಕರು ಹುಡುಕಿ ತೆಗೆದರು. ಕುದುರೆ ಮತ್ತು ಹಕ್ಕಿಗಳ ಫ್ಲೂ ವೈರಸ್ಸುಗಳ ವಂಶಾವಳಿಯನ್ನು ಹೋಲಿಸಿದ 2014ರ ಅಧ್ಯಯನವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎರಡರ ಕೊಂಡಿಯನ್ನು ಕಂಡಿತು. ಕುದುರೆಯ ಫ್ಲೂ ವೈರಸ್ಸನ್ನು ಮೊದಲು ಬೇರ್ಪಡಿಸಿದ್ದು 1956ರಲ್ಲಿ, ಪ್ರಾಗ್ ನಗರದಲ್ಲಿ. ಎಚ್7ಎನ್7 ಎಂಬ ಆ ಬಗೆ 1970ರ ದಶಕದ ಕೊನೆಯಿಂದೀಚೆಗೆ ಸಿಕ್ಕಿದ್ದು ಅಪರೂಪ. ಅದು ನಶಿಸಿದೆ ಎಂದೇ ಹೆಚ್ಚಿನವರ ಅಭಿಪ್ರಾಯ. 1963ರಲ್ಲಿ ಮಯಾಮಿಯಲ್ಲಿ ಕಂಡ ಎಚ್3ಎನ್8 ಬಗೆ ಮಾತ್ರ ಪ್ರಪಂಚ ಸುತ್ತುತ್ತಿದೆ. ಕುದುರೆಗಷ್ಟೇ ಅಂಟಿಕೊಂಡಿರುತ್ತದೆಂಬ ಭರವಸೆಯನ್ನೂ ಅದು 2004ರಲ್ಲಿ ಕೆಡಿಸಿತು. ಆ ವರ್ಷ ಫ್ಲಾರಿಡಾದಲ್ಲಿ ಪಂದ್ಯದ ಗ್ರೇಹೌಂಡ್ ನಾಯಿಗಳು ಕೆಮ್ಮಿ ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಕುದುರೆಯ ವೈರಸ್.

ಗಾಡಿ ಎಳೆಯುವ ಕುದುರೆ ಈಗ ಕಡಿಮೆ. ಪಂದ್ಯದ ಕುದುರೆ, ತಳಿಯ ಕುದುರೆ ವಿಮಾನದಲ್ಲಿ ಪ್ರಯಾಣಿಸುತ್ತವೆ. ಜಡ್ಸನ್ ನಕ್ಷೆಯ ರೈಲಿನ ಜಾಗಕ್ಕೆ ವಿಮಾನ ಬಂದಿದೆ. ಆಸ್ಟ್ರೇಲಿಯಾ ಈ ರೋಗವನ್ನು ಕಂಡೇ ಇರಲಿಲ್ಲ. 2007ರ ಆಗಸ್ಟಿನಲ್ಲಿ ಹೊರದೇಶದಿಂದ ತಂದ ಕುದುರೆಗಳ ಜೊತೆ ವೈರಸ್ ಸಿಡ್ನಿಯ ದಿಗ್ಬಂಧನ ಕೇಂದ್ರದೊಳಕ್ಕೆ ಬಂತು, ಅಲ್ಲಿಂದ ಹೊರಗೂ ಹೋಯಿತು. ಒಳಗೆ ಕೆಲಸ ಮಾಡಿದವರು ಮೈಕೈ ತೊಳೆದು ಬಟ್ಟೆ ಬದಲಿಸಿ ಹೊರಹೋಗಬೇಕೆಂಬ ಸಾಮಾನ್ಯ ನಿಯಮಗಳೇ ಸರಿಯಾಗಿ ಪಾಲನೆಯಾಗಿರಲಿಲ್ಲವೆಂದು ವಿಚಾರಣಾ ಆಯೋಗ ಹೇಳಿತು. ಸುಮಾರು 76,000 ಕುದುರೆಗಳು ಕಾಯಿಲೆ ಬಿದ್ದವು. ಕುದುರೆಗಳ ಓಡಾಟವನ್ನೇ ನಿಲ್ಲಿಸಿ, ಲಸಿಕೆ ಹಾಕಿ, ಕೆಲವೇ ತಿಂಗಳಲ್ಲಿ ಆ ದೇಶ ರೋಗವನ್ನು ಬೇರುಸಹಿತ ಕಿತ್ತಿತು.

ಭಾರತದಲ್ಲಿ ಈ ರೋಗ 1987ರಲ್ಲಿ ಉತ್ತರದ ರಾಜ್ಯಗಳನ್ನು ವ್ಯಾಪಕವಾಗಿ ಕಾಡಿತ್ತು. ಇಪ್ಪತ್ತು ವರ್ಷ ಸುಮ್ಮನಿದ್ದು 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದಲ್ಲಿ ಮತ್ತೆ ತಲೆಯೆತ್ತಿತು. ಕಟ್ರಾ ವೈಷ್ಣೋದೇವಿ ಯಾತ್ರೆಯ ತಳದ ಊರು. ಬೆಟ್ಟ ಹತ್ತಲಾರದ ಯಾತ್ರಿಕರನ್ನು ಹೊತ್ತೊಯ್ಯುವ ಕುದುರೆ, ಹೇಸರಗತ್ತೆಗಳೇ ಅಲ್ಲಿ ನೂರಾರು ಸಂಸಾರಗಳ ಅನ್ನ. 1872ರ ನ್ಯೂಯಾರ್ಕಿನ ಗಾಡಿಯವನ ಸಂಕಟ ಅವರಿಗೂ ಬಂತು. ಪ್ರಾಣಿ ಸಾಯದಿದ್ದರೂ ಒಲೆ ಉರಿಯದ ದಿನಗಳು. ಅಲ್ಲಿಂದ ರೋಗ ರಾಜ್ಯದಿಂದ ರಾಜ್ಯಕ್ಕೆ ಇಳಿಯುತ್ತ ಆ ವರ್ಷದ ಕೊನೆಯಲ್ಲಿ ಕರ್ನಾಟಕವನ್ನೂ ಮುಟ್ಟಿತು. ಹಿಸ್ಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬೇರೆ ಬೇರೆ ಕಡೆಯ ಮಾದರಿಗಳಿಂದ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅವು ಫ್ಲಾರಿಡಾದ ಹೆಸರು ಹೊತ್ತ ಒಳಗುಂಪಿಗೆ ಸೇರಿದ್ದವು. 1987ರ ತಳಿಯಿಂದ ತಯಾರಿಸುತ್ತಿದ್ದ ದೇಶೀ ಲಸಿಕೆಯನ್ನು ಅನಂತರ ಕಟ್ರಾದ ತಳಿಗೆ ಬದಲಿಸಲಾಯಿತು. ಫ್ಲೂ ವೈರಸ್ಸಿಗೆ ಅದು ಸಿಕ್ಕ ಊರಿನ ಹೆಸರಿಡುವುದು ರೂಢಿ. ಪ್ರಾಗ್, ಮಯಾಮಿಗಳ ಆ ಪಟ್ಟಿಯಲ್ಲಿ 2008ರ ಡಿಸೆಂಬರಿನಿಂದ ಮೈಸೂರಿನ ಹೆಸರೂ ಇದೆ.