ನಮ್ಮ ಶಾಲೆಗಳಿಗೆ ಲಿನಕ್ಸ್ ಬಂದ ಚರಿತ್ರೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಲ್ಲಿ ಕಂಪ್ಯೂಟರ್ ಲ್ಯಾಬಿನಲ್ಲಿ ಏನು ಕಲಿತಿರಿ ಎಂದು ಕೇಳಿದರೆ ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎಂದು ಹೆಸರು ಹೇಳುತ್ತಾರೆ. ಪೇಟೆಯ ಅಂಗಡಿ, ಆಫೀಸುಗಳಲ್ಲಿ ಕಾಣುವ ಕಂಪ್ಯೂಟರೇ ಬೇರೆ, ಶಾಲೆಯದ್ದೇ ಬೇರೆ. "ಮಾಸ್ಟ್ರೇ, ಇದನ್ನು ಕಲಿತರೆ ಮುಂದೆ ಕೆಲಸ ಸಿಗ್ತದಾ? ನಮ್ಮ ಮಕ್ಕಳಿಗೆ ಮಾತ್ರ ಯಾಕೆ ಇದು?" ಎಂದು ತಂದೆತಾಯಂದಿರು ನನ್ನಲ್ಲಿ ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸುಮಾರು 1980ರ ಮಾತು. ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯಕ್ಕೆ ಹೊಸ ಪ್ರಿಂಟರ್ ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು: ಕಾಗದ ಸಿಕ್ಕಿದ ಕೂಡಲೇ ಕಾಯುತ್ತಿದ್ದವರ ಕಂಪ್ಯೂಟರಿಗೆ ಸುದ್ದಿ ಹೋಗುವಂತೆ ತಂತ್ರಾಂಶವನ್ನು ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡೋಣ ಎಂದರೆ ಅದರ ಮೂಲ ಬರಹ ಕೊಟ್ಟಿರಲಿಲ್ಲ. ಅದು ಇದ್ದವರಲ್ಲಿ ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಯಂತ್ರ ನಮ್ಮದು, ರಿಪೇರಿ ಮಾಡುವ ಅಧಿಕಾರ ನಮ್ಮದಲ್ಲ. ಇದು ಸ್ಟಾಲ್ಮನ್ನರ ಮನಸ್ಸಿಗೆ ನಾಟಿತು.

1983ರ ಸೆಪ್ಟೆಂಬರಿನಲ್ಲಿ ಅವರು 'ಗ್ನು' ಎಂಬ ಯೋಜನೆ ಸಾರಿದರು. 1984ರ ಜನವರಿಯಲ್ಲಿ ಕೆಲಸ ಸುರುವಾಯಿತು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ, ಮೇ 24ರಂದು. ಅವರು ಹೇಳಿದ್ದು ನಾಲ್ಕು ಹಕ್ಕು: ತಂತ್ರಾಂಶವನ್ನು ಯಾವ ಕೆಲಸಕ್ಕೂ ಬಳಸಬಹುದು, ಒಳಗೆ ಏನುಂಟೆಂದು ನೋಡಿ ತಿದ್ದಬಹುದು, ಇನ್ನೊಬ್ಬರಿಗೆ ಪ್ರತಿ ಕೊಡಬಹುದು, ತಿದ್ದಿದ್ದನ್ನೂ ಹಂಚಬಹುದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ಎಂಬ ತಿರುಳನ್ನು ಬರೆದರು. ಮರುವರ್ಷ ಅದನ್ನೂ ಇದೇ ಹಕ್ಕುಗಳ ಕರಾರಿಗೆ ತಂದರು. ಎರಡೂ ಸೇರಿ ಪೂರ್ಣ ವ್ಯವಸ್ಥೆಯಾಯಿತು.

ನಮ್ಮವರಿಗೆ ಇದು ತೀರಾ ಹೊಸ ವಿಚಾರವಲ್ಲ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಯಾವ ಮೇಳವೂ ಆಡುತ್ತದೆ. ಹೊತ್ತು ನೋಡಿ ಭಾಗವತರು ಪದ್ಯ ಬಿಡುತ್ತಾರೆ, ಅರ್ಥಧಾರಿ ಮಾತು ಬೆಳೆಸುತ್ತಾನೆ. ಹಾಗೆ ಕೈಯಿಂದ ಕೈಗೆ ಹೋದದ್ದರಿಂದಲೇ ಅವು ಉಳಿದವು.

ಕೇರಳಕ್ಕೆ ಇದು ಬಂದ ದಾರಿಯೂ ತಿಳಿಯತಕ್ಕದ್ದು. 2001ರ ಜುಲೈಯಲ್ಲಿ ತಿರುವನಂತಪುರದಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸುರುವಾಯಿತು. ಸ್ಟಾಲ್ಮನ್ ಸ್ವತಃ ಬಂದಿದ್ದರು. ಶಾಲೆಗಳಿಗಾಗಿ ಐಟಿ ಅಟ್ ಸ್ಕೂಲ್ ಯೋಜನೆ ಬಂದದ್ದೂ ಅದೇ ಕಾಲಕ್ಕೆ. ಮೊದಮೊದಲು ಅಲ್ಲಿಯೂ ಕಂಪನಿಯ ತಂತ್ರಾಂಶವನ್ನೇ ಕಲಿಸುತ್ತಿದ್ದರು. ಸರಕಾರಿ ಶಾಲೆಯ ಮಕ್ಕಳನ್ನು ಒಂದೇ ಕಂಪನಿಯ ಗಿರಾಕಿಗಳನ್ನಾಗಿ ಮಾಡುವುದು ಸರಿಯೋ ಎಂದು ಅಧ್ಯಾಪಕರ ಸಂಘಟನೆಗಳೂ ಸ್ವತಂತ್ರ ತಂತ್ರಾಂಶದವರೂ ತಕರಾರು ಎತ್ತಿದರು. ಆ ದಶಕದ ನಡುವಿಗೆ ಶಾಲೆಗಳು ಒಂದೊಂದಾಗಿ ಲಿನಕ್ಸಿಗೆ ತಿರುಗಿದವು. 2017ರಲ್ಲಿ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. 2019ರಲ್ಲಿ ಅದು, ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಲೈಸೆನ್ಸ್ ಕೊಳ್ಳದೆ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹೇಳಿತು.

ಆದರೆ ದುಡ್ಡಿನ ಮಾತು ಮಾತ್ರ ಆಡಿದರೆ ಜನ ಇದನ್ನು 'ಬಿಟ್ಟಿ ಮಾಲು' ಎನ್ನುತ್ತಾರೆ. ಬಿಟ್ಟಿಗೆ ಮರ್ಯಾದೆ ಕಡಿಮೆ. ನಮಗೆ, ಗಡಿಯ ಕನ್ನಡದವರಿಗೆ, ದೊಡ್ಡ ಲಾಭ ಬೇರೆ ಉಂಟು.

ನಮ್ಮ ಮಕ್ಕಳು ಕನ್ನಡವನ್ನೂ ಬರೆಯಬೇಕು, ಮಲಯಾಳವನ್ನೂ ಬರೆಯಬೇಕು. ಲಿನಕ್ಸಿನೊಳಗೆ ಎರಡಕ್ಕೂ ಕೀಲಿಮಣೆ ಸಿದ್ಧ ಉಂಟು. ಬೇರೆ ಏನೂ ಕೊಳ್ಳಬೇಕಾಗಿಲ್ಲ, ಸೆಟ್ಟಿಂಗ್ಸಿನಲ್ಲಿ ಸೇರಿಸಿದರೆ ಸಾಕು. 'ಇನ್‌ಸ್ಕ್ರಿಪ್ಟ್' ಕ್ರಮದಲ್ಲಿ ಕನ್ನಡದ ಕ ಬರುವ ಕೀಲಿಯಲ್ಲೇ ಮಲಯಾಳದ ಕ ಕೂಡ ಬರುತ್ತದೆ. ಒಮ್ಮೆ ಬೆರಳು ಕುಳಿತರೆ ಎರಡು ಭಾಷೆಗೂ ಆಯಿತು. ಕರ್ನಾಟಕದಲ್ಲಿ ರೂಢಿಯಲ್ಲಿರುವ 'ಕಗಪ' ಕ್ರಮವೂ ಅದರಲ್ಲೇ ಉಂಟು. ಆ ಕ್ರಮದ ಮೂಲಪುರುಷರು ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾಯರು. ತಾನು ಮಾಡಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ದುಡ್ಡು ಕೇಳದೆ ಹಂಚಿದವರು ಅವರು.

ಬೀಗ ಹಾಕಿದ ತಂತ್ರದಿಂದ ಆಗುವ ನಷ್ಟವನ್ನು ನೋಡಬೇಕಾದರೆ ಹಳೆಯ ಸ್ಮರಣ ಸಂಚಿಕೆಗಳ ಫೈಲುಗಳನ್ನು ತೆರೆಯಬೇಕು. ಇಪ್ಪತ್ತೈದು ವರ್ಷದ ಹಿಂದೆ ಆಯಾ ಫಾಂಟಿಗೆಂದು ಟೈಪು ಮಾಡಿದ್ದು ಇವತ್ತು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಬರೆದ ಹಿರಿಯರು ತೀರಿಹೋಗಿದ್ದಾರೆ, ಬರಹ ಓದಲಿಕ್ಕಾಗುವುದಿಲ್ಲ. ಯೂನಿಕೋಡಿನಲ್ಲಿ, ಎಲ್ಲರಿಗೂ ತೆರೆದ ಕ್ರಮದಲ್ಲಿ ಇಟ್ಟದ್ದಕ್ಕೆ ಈ ಗತಿ ಬರುವುದಿಲ್ಲ. ಸರಕಾರದ ಆಸರೆ ಕಡಿಮೆ ಇರುವ ನಮ್ಮಂಥ ಊರಿನ ಬರಹಕ್ಕೆ ಇದು ಸಣ್ಣ ಮಾತಲ್ಲ.

ಇನ್ನು ಕೆಲಸದ ಪ್ರಶ್ನೆ. ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸೇ. ಅಂತರ್ಜಾಲವನ್ನು ನಡೆಸುವ ಸರ್ವರುಗಳಲ್ಲಿ ಬಹುಪಾಲು ಅದೇ. 2017ರ ನವೆಂಬರಿನ ಪಟ್ಟಿಯಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳೆಲ್ಲವೂ ಲಿನಕ್ಸಿನವು. ಬೆಂಗಳೂರಿನ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಮೊದಲು ಬೇಕಾದ್ದು ಇದೇ ವಿದ್ಯೆ. ಸಾಮಾನ್ಯ ಬಳಕೆದಾರನಿಗೆ ಎಷ್ಟು ಅಧಿಕಾರ, ನಿರ್ವಾಹಕನಿಗೆ ಎಷ್ಟು ಎಂಬ ಭೇದ, ನಂಬಿಕೆಯ ಭಂಡಾರದಿಂದಲೇ ತಂತ್ರಾಂಶ ತರುವ ಶಿಸ್ತು, ನಕಲು ತೆಗೆದಿಡುವ ಅಭ್ಯಾಸ: ಇವಿಷ್ಟಕ್ಕೆ ನಮ್ಮ ಶಾಲೆಯ ಲ್ಯಾಬೇ ಸಾಕು.

ಕುಂದು ಇಲ್ಲವೆಂದಲ್ಲ. ಕೆಲವು ಪ್ರಿಂಟರುಗಳು ಇದರೊಂದಿಗೆ ಹೊಂದುವುದಿಲ್ಲ. ಐ.ಸಿ.ಟಿ. ಪಾಠಪುಸ್ತಕ ಕನ್ನಡದಲ್ಲಿ ಬಂದರೂ ಪರದೆಯ ಮೇಲೆ ಇಂಗ್ಲಿಷೇ ಹೆಚ್ಚು. ಆದರೆ ಇಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮೆನುವಿನ ಒಂದು ಪದವನ್ನು ಕನ್ನಡಕ್ಕೆ ತರುವ ಹಕ್ಕು ಮಂಜೇಶ್ವರದ ಅಧ್ಯಾಪಕರಿಗೂ ಅಡೂರಿನ ಹೈಸ್ಕೂಲು ಹುಡುಗಿಗೂ ಉಂಟು; ಅವರು ಮಾಡಿದ್ದು ಲೋಕದ ಎಲ್ಲ ಕನ್ನಡಿಗರಿಗೂ ಸಿಗುತ್ತದೆ. ಹಕ್ಕು ಸಿಕ್ಕಿ ಆಗಿದೆ. ಕೂತು ಮಾಡುವ ಜನ ಬೇಕು. ರಜೆಯಲ್ಲಿ ವಾಚನಾಲಯಕ್ಕೆ ಬರುವ ದೊಡ್ಡ ತರಗತಿಯ ಮಕ್ಕಳು ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ತರುವುದರಿಂದಲೇ ಇದನ್ನು ಸುರುಮಾಡಬಹುದು.