ಧರ್ಮದೇಟಿನಲ್ಲಿರುವ ಧರ್ಮ

ಸಂತೆಯಲ್ಲಿ ಜೇಬುಗಳ್ಳ ಸಿಕ್ಕಿಬಿದ್ದರೆ ಮರುದಿನದ ಪತ್ರಿಕೆಯಲ್ಲಿ ‘ಸಾರ್ವಜನಿಕರಿಂದ ಧರ್ಮದೇಟು’ ಎಂದು ಓದುತ್ತೇವೆ. ಆ ಏಟಿಗೂ ದೇವರಿಗೂ ಏನೂ ಸಂಬಂಧವಿಲ್ಲ. ಬೆಲೆ ಕೇಳದೆ, ಲೆಕ್ಕ ಇಡದೆ ಕೊಟ್ಟಿದ್ದೆಲ್ಲ ಕನ್ನಡದಲ್ಲಿ ಧರ್ಮ. ಪುಕ್ಕಟೆ ಬಂದದ್ದು ಧರ್ಮಕ್ಕೆ ಸಿಕ್ಕಿದ್ದು. ಟಿಕೆಟಿಲ್ಲದವರ ಸಾಲು ಧರ್ಮದರ್ಶನದ್ದು. ದಾರಿಹೋಕರಿಗೆ ದುಡ್ಡಿಲ್ಲದೆ ಮಲಗಲು ಜಾಗ ಕೊಟ್ಟಿದ್ದು ಧರ್ಮಛತ್ರ. ಬಾಗಿಲಲ್ಲಿ ನಿಂತು ‘ಧರ್ಮ ಮಾಡಿ ತಾಯೀ’ ಅನ್ನುವವನು ಕೇಳುತ್ತಿರುವುದು ಒಂದು ತುತ್ತು ಅನ್ನ. ಇನ್ನು ಸುಡುವುದು ಬೆಂಕಿಯ ಧರ್ಮ, ಹರಿಯುವುದು ನೀರಿನ ಧರ್ಮ.

ಇವುಗಳಲ್ಲಿ ಎಲ್ಲಿಯಾದರೂ ‘ರಿಲಿಜನ್’ ಎಂಬ ಮಾತನ್ನು ಕೂರಿಸಿ ನೋಡಿ, ಕೂರುವುದಿಲ್ಲ. ಆದರೂ ಶಾಲೆಯ ಅರ್ಜಿಯಿಂದ ಜನಗಣತಿಯವರೆಗೆ ಆ ಇಂಗ್ಲಿಷ್ ಕಾಲಂಗೆ ನಾವು ಹಚ್ಚಿದ ಹೆಸರು ‘ಧರ್ಮ’. ನಮ್ಮಲ್ಲಿ ‘ಮತ’ ಎಂಬ ಮಾತಿತ್ತು. ಮಾಧ್ವಮತ ಎಂದೆವು, ಇವತ್ತಿಗೂ ಮತಾಂತರ ಅನ್ನುತ್ತೇವೆ. ಅದನ್ನು ಬಿಟ್ಟು ಧರ್ಮವನ್ನೇ ಆ ಇಕ್ಕಟ್ಟಿನ ಚೌಕದೊಳಗೆ ತುರುಕಿದ್ದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ. ಪದ ತಪ್ಪಿದರೆ ಅದರ ಬೆನ್ನಿಗೆ ಬರುವ ಪ್ರಶ್ನೆಗಳೂ ತಪ್ಪುತ್ತವೆ: ನಿಮ್ಮ ಸ್ಥಾಪಕ ಯಾರು? ನಿಮ್ಮ ಒಂದೇ ಗ್ರಂಥ ಯಾವುದು? ಉತ್ತರ ಹೊಳೆಯದಿದ್ದಾಗ ಕೊರತೆ ನಮ್ಮದೇ ಎಂದು ಕೇಳಿದವರು ಬರೆದುಕೊಂಡರು, ನಾವೂ ನಂಬಿದೆವು.

ಇದೇ ಚೌಕ ಚರಿತ್ರೆಗೂ ಬಂತು. 1817ರಲ್ಲಿ ಬ್ರಿಟನ್ನಿನ ಜೇಮ್ಸ್ ಮಿಲ್ ಭಾರತದ ಇತಿಹಾಸ ಬರೆದ. ಈ ನೆಲಕ್ಕೆ ಕಾಲಿಟ್ಟವನಲ್ಲ, ಇಲ್ಲಿನ ಒಂದು ಭಾಷೆಯನ್ನೂ ಬಲ್ಲವನಲ್ಲ. ಅವನು ಹಾಕಿಕೊಟ್ಟ ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷರ ಕಾಲ ಎಂಬ ವಿಭಜನೆಯಲ್ಲೇ ಎಷ್ಟೋ ತಲೆಮಾರು ಚರಿತ್ರೆ ಓದಿತು. ಪಶ್ಚಿಮದವರೆಲ್ಲ ಕಣ್ಣು ಮುಚ್ಚಿದ್ದರು ಎನ್ನಲಾರೆ. ‘ರಿಲಿಜನ್’ ಎಂಬ ಪದವೇ ಎಲ್ಲರಿಗೂ ಹೊಂದುವುದಿಲ್ಲ ಎಂದು ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1960ರ ದಶಕದ ಆರಂಭದಲ್ಲೇ ವಾದಿಸಿದರು. ಬೆಲ್ಜಿಯಂನ ಘೆಂಟ್‌ನಲ್ಲಿದ್ದ ನಮ್ಮ ಎಸ್.ಎನ್. ಬಾಲಗಂಗಾಧರ 1994ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ಎಲ್ಲ ಸಂಸ್ಕೃತಿಗಳಲ್ಲೂ ರಿಲಿಜನ್ ಇದ್ದೇ ಇರುತ್ತದೆ ಎಂಬ ಊಹೆಯೇ ಕ್ರೈಸ್ತ ದೇವತಾಶಾಸ್ತ್ರದಿಂದ ಬಂದದ್ದು ಎಂಬುದು ಅವರ ವಾದ.

ಧರ್ಮವೆಂದರೆ ರಿಲಿಜನ್ ಅಲ್ಲ ಎಂಬುದಕ್ಕೆ ನನಗೆ ಸಾಕ್ಷಿ ಸಿಗುವುದು ಕಲ್ಲಿನ ಮೇಲೆ. ನಮ್ಮ ದಾನಶಾಸನಗಳ ಕೊನೆಗೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಈ ಧರ್ಮವನ್ನು ಕಾಪಾಡಿದವರಿಗೆ ಪುಣ್ಯ, ಅಳಿಸಿದವರಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಅಲ್ಲಿ ‘ಈ ಧರ್ಮ’ ಅಂದರೆ ಬಿಟ್ಟುಕೊಟ್ಟ ಗದ್ದೆ, ಕಟ್ಟಿಸಿದ ಕೆರೆ, ನಂದಾದೀಪದ ಎಣ್ಣೆ. ಕೈಯಿಂದ ಮುಟ್ಟಬಹುದಾದದ್ದು.

ಮತಗಳ ನಡುವೆ ಜಗಳಗಳೇ ಇರಲಿಲ್ಲ ಎಂದಲ್ಲ. ಶೈವರಿಗೂ ಜೈನರಿಗೂ ನಡೆದ ಘರ್ಷಣೆ ಅಬ್ಬಲೂರಿನ ಶಾಸನದಲ್ಲೇ ಇದೆ. 1368ರಲ್ಲಿ ಜೈನರು ವೈಷ್ಣವರಿಂದ ತಮಗಾದ ಅನ್ಯಾಯದ ದೂರು ಹೊತ್ತು ವಿಜಯನಗರದ ದೊರೆ ಬುಕ್ಕರಾಯನ ಬಳಿಗೆ ಬಂದರು. ಶ್ರವಣಬೆಳಗೊಳದ ಶಾಸನ ಅವನ ತೀರ್ಪನ್ನು ದಾಖಲಿಸಿದೆ. ಅದು ಎರಡು ಪಕ್ಷಗಳನ್ನು ಹೆಸರಿಸುವ ರೀತಿ ನೋಡಿ: ಜೈನದರ್ಶನ, ವೈಷ್ಣವದರ್ಶನ. ದರ್ಶನ, ಅಂದರೆ ಕಾಣುವ ಬಗೆ. ಎರಡರ ನಡುವೆ ಭೇದವಿಲ್ಲವೆಂದು ಸಾರಿ, ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಳಶಗಳ ಹಳೆಯ ಮರ್ಯಾದೆ ಜೈನರಿಗೆ ಉಳಿಯಿತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಕೂಡಿಸಿ, ಗೊಮ್ಮಟನ ಸನ್ನಿಧಿಗೆ ಇಪ್ಪತ್ತು ಕಾವಲುಗಾರರನ್ನು ವೈಷ್ಣವರೇ ನೇಮಿಸಬೇಕು. ಮಿಕ್ಕ ಹಣದಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಕಲ್ಲಿನ ಮೇಲೆ ಕೆತ್ತಿಸಿದರು.